ಹುಚ್ಚವ್ವ ತಿನ್ನಿಸಿದ್ದು

“ಖರೆ ಹೇಳವ್ವ, ಗುಳಿಗಿ ಎಷ್ಟು ನುಂಗಾಕತ್ತಿ?”

ಡಾಕ್ಟರ್ ಫರಹಾನಾ ರಕ್ತದ ರಿಪೋರ್ಟನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. ಎದುರಿಗೆ ಸುಧಾರಾಣಿ ಕೂತಿದ್ದಳು.

“ನೀವು ಬರದಷ್ಟ ರೀ. ಒಂದೂ ಹೆಚ್ಚಿಲ್ಲ.”

“ಎಲ್ಲಾರೂ ಹಿಂಗ ಅಂತಾರ. ಲಗೂ ಆಗಲಿ ಅಂತ ಎರಡರ ಬದಲಿ ನಾಕು ನುಂಗತಾರ. ಪೊಟ್ಯಾಶಿಯಂ ಎಷ್ಟು ಏರೇತಿ ನೋಡು. ಇನ್ನೂ ಏರಿದ್ರ ಎದಿಬಡಿತ ತಪ್ಪತೈತಿ. ಇಳೀಲಿಲ್ಲಂದ್ರ ಈ ಗುಳಿಗಿ ನಿಲ್ಲಸೂದ ಸೈ.”

ನಿಲ್ಲಿಸುವುದು ಎಂಬ ಮಾತಿಗೆ ಸುಧಾರಾಣಿ ಕುರ್ಚಿಯ ತುದಿಗೆ ಸರಿದಳು. ಇಪ್ಪತ್ತಾರು ವರ್ಷ ಸೋಮಲಿಂಗ ಎಂಬ ಹೆಸರು ಹೊತ್ತು, ಕೆರೂರಿನ ಹೆಣ್ಣುಮಕ್ಕಳಿಗೆಲ್ಲ ಕುಬಸ ಹೊಲಿದು ಕೊಟ್ಟು, ನಾಲ್ಕು ತಿಂಗಳ ಹಿಂದಷ್ಟೇ ಅವಳು ಹೆಣ್ಣಿನ ಮೈ ಬೇಡಿ ಬಾಗಲಕೋಟೆಯ ಈ ದವಾಖಾನೆಯ ಮೆಟ್ಟಿಲು ಹತ್ತಿದ್ದಳು. ಡಾಕ್ಟರು ಅಂದೇ ಯಾವುದನ್ನೂ ಮುಚ್ಚಿಡದೆ ಹೇಳಿದ್ದರು. ಚರ್ಮ ಮೆತ್ತಗಾಗುತ್ತದೆ. ಕೆಲವು ತಿಂಗಳಿಗೆ ಎದೆಯಲ್ಲಿ ಗಂಟು ಮೂಡಿ ನೋಯುತ್ತದೆ, ಪೂರ್ತಿ ಬೆಳೆಯಲು ಎರಡು ಮೂರು ವರ್ಷ ಬೇಕು. ಗಡ್ಡ ತೆಳುವಾದೀತು, ಹೋಗದು. ದನಿಯಂತೂ ಬದಲಾಗುವುದಿಲ್ಲ. ಮುಂದೆ ಮಕ್ಕಳಾಗುವುದು ಅನುಮಾನ, ಅದನ್ನು ಈಗಲೇ ಯೋಚಿಸು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಸುಧಾರಾಣಿಗೂ ಗೊತ್ತಿತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೇ ಗುಳಿಗೆ ನುಂಗುತ್ತಿದ್ದಳು. ಹೋದ ತಿಂಗಳು ಹೊಲಿಗೆ ಯಂತ್ರದ ಮೇಲೆ ಬಾಗಿದಾಗ ಎದೆ ಚುರುಕ್ಕೆಂದಿತು. ನೋವಿಗೆ ಅಷ್ಟು ಖುಷಿಪಟ್ಟವರು ಆ ಊರಲ್ಲಿ ಮತ್ತೊಬ್ಬರಿರಲಿಕ್ಕಿಲ್ಲ.

“ಊಟಕ್ಕ ಏನು ತಿಂತಿ?” ಡಾಕ್ಟರ ದನಿ ತುಸು ಇಳಿಯಿತು.

“ಎಲ್ಲಾರಂಗ ರೊಟ್ಟಿ, ಪಲ್ಯಾ. ಮುಂಜಾನಿ ಅವ್ವ ಎರಡು ಎಳನೀರು ಕೊಡತಾಳ್ರಿ. ಆಮ್ಯಾಗ ಎರಡು ಅಂಟಿನುಂಡಿ. ಒಂದು ಬೊಗಸಿ ಉತ್ತತ್ತಿ, ಮೂರು ಬಾಳಿಹಣ್ಣು. ಸಂಜೀಕೂ ಹಂಗ ರೀ.”

“ದಿನಾ?”

“ದಿನಾ ರೀ. ಬ್ಯಾಡಂದ್ರ ಸಿಟ್ಟಿಗೇಳತಾಳ.”

ಡಾಕ್ಟರ ಪೆನ್ನು ನಿಂತಿತು. “ಅವ್ವ ಎಲ್ಲಿದಾರ? ಒಳಗ ಕರಿ.”

ಹುಚ್ಚವ್ವ ಹೊರಗಿನ ಬೆಂಚಿನ ಮೇಲಿದ್ದಳು. ಪ್ರತಿ ಸಲವೂ ಬಸ್ಸು ಹತ್ತಿ ಜೊತೆಗೆ ಬರುವಳು, ಒಳಗೆ ಮಾತ್ರ ಬಾರಳು. ಈ ಔಷಧಿಗೆ ಅವಳು ಬೇಡ ಎಂದಿರಲಿಲ್ಲ, ಆಗಲಿ ಎಂದೂ ಅಂದಿರಲಿಲ್ಲ. ಆ ಮೌನವನ್ನು ಕೆದಕಲು ಸುಧಾರಾಣಿಗೆ ಭಯ. ಹೇಳದೆ ಕೇಳದೆ ತಟ್ಟೆಗೆ ಬಂದದ್ದನ್ನು ಅವಳು ಹೇಳದೆ ಕೇಳದೆ ತಿನ್ನುತ್ತಿದ್ದಳು. ಈಗ ಹುಚ್ಚವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಬಂದು ಗೋಡೆಗೆ ಒತ್ತಿ ನಿಂತಳು.

“ಕೂಡ್ರಿ ಅಮ್ಮಾ. ಇಷ್ಟೆಲ್ಲಾ ಯಾಕ ತಿನಸ್ತೀರಿ?”

“ಯಾಕ್ರಿ, ತಿನಸಬಾರದೇನು? ಬಡವರಾದ್ರೇನು, ಉಣ್ಣಾಕ ತಿನ್ನಾಕ ಕಡಿಮಿ ಮಾಡಿಲ್ಲ ನಾವು!” ಹುಚ್ಚವ್ವನ ಮೂಗಿನ ತುದಿಯಲ್ಲೇ ಕೋಪ. ಡಾಕ್ಟರು ಕುರ್ಚಿ ಎಳೆದು ಮುಂದಿಟ್ಟರು. ಕೋಪ ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಇಳಿಯಿತು.

“ಒಂದಿನ ಅಂಗಿ ತೆಗಿಯೂಮುಂದ ಎದಿ ಹಿಡಕೊಂಡು ನರಳಿದ್ಲು ರೀ. ಬಾಗಲ ಸಂದ್ಯಾಗಿಂದ ನೋಡಿದೆ. ಹನ್ನೆರಡರಾಗ ನನಗೂ ಹಂಗ ಆಗಿತ್ತು. ಹುಡುಗಿ ದೊಡ್ಡಾಕಿ ಆದಾಗ ಕೊಬ್ಬರಿ, ಉತ್ತತ್ತಿ, ಅಂಟು ತಿನಸೂದು ನಮ್ಮ ಪದ್ಧತಿ ರೀ. ಮಂದೀನ್ನ ಕರದು ಆರತಿ ಮಾಡಾಕ ನನಗ ಧೈರ್ಯ ಬರಲಿಲ್ಲ. ತಿನಸಾಕರ ಯಾರ ಅಪ್ಪಣಿ ಬೇಕು?”

ಸುಧಾರಾಣಿ ತಲೆ ಎತ್ತಲಿಲ್ಲ. ಎತ್ತಿದರೆ ಅತ್ತುಬಿಡುವೆನೆಂದು ಅವಳಿಗೆ ಗೊತ್ತಿತ್ತು. ನಿಶ್ಶಕ್ತಿಗೆ ಕೊಡುತ್ತಾಳೆ ಎಂದುಕೊಂಡು ತಿಂಗಳಿಡೀ ನುಂಗಿದ ಉಂಡೆಗಳೆಲ್ಲ ಅವ್ವನ ಹಬ್ಬವಾಗಿದ್ದವು.

ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಗಂಡು ಹಾರ್ಮೋನು ತಗ್ಗಿಸುವ ಗುಳಿಗೆ ಪೊಟ್ಯಾಶಿಯಂ ಎಂಬ ಉಪ್ಪನ್ನು ಮೈಯಲ್ಲೇ ಹಿಡಿದಿಡುತ್ತದೆ; ಎಳನೀರು, ಬಾಳೆಹಣ್ಣು, ಉತ್ತತ್ತಿಯಲ್ಲೂ ಅದೇ ತುಂಬಿದೆ. ಎರಡೂ ಸೇರಿದರೆ ಗುಂಡಿಗೆಗೆ ಅಪಾಯ.

ಹುಚ್ಚವ್ವನ ಮುಖ ಕಪ್ಪಿಟ್ಟಿತು. “ಅಂದ್ರ ನನ್ನ ಮಗಳಿಗೆ ನಾನ ಇಷ ಹಾಕಿದಂಗಾತೇನ್ರಿ?”

ಮಗಳು. ಅವ್ವನ ಬಾಯಲ್ಲಿ ಆ ಮಾತು ಹುಟ್ಟಿದ್ದು ಅದೇ ಮೊದಲು. ಅವಳಿಗೆ ಅದರ ಖಬರೂ ಇದ್ದಂತಿರಲಿಲ್ಲ.

“ಹಂಗನಬ್ಯಾಡ್ರಿ. ಮೊದಲ ದಿನಾನ ನಿಮ್ಮನ್ನ ಕರದು ನಾ ಹೇಳಬೇಕಿತ್ತು, ತಪ್ಪು ನಂದೂ ಐತಿ.” ಡಾಕ್ಟರು ಸುಧಾರಾಣಿಯತ್ತ ತಿರುಗಿದರು. “ನಿನ್ನ ಮ್ಯಾಲೆ ಸುಮ್ನ ಸಂಶೇ ಪಟ್ಟೆ, ಮನಸಿಗೆ ಹಚ್ಚಕೋಬ್ಯಾಡ. ಈಗ ಇಸಿಜಿ, ಎದಿಬಡಿತದ ಪಟ್ಟಿ ತಗಸು. ಆ ಒಂದು ಗುಳಿಗಿ ಒಂದು ವಾರ ಬ್ಯಾಡ, ಉಳದದ್ದು ನಡೀಲಿ. ವಾರ ಬಿಟ್ಟು ರಕ್ತ ನೋಡಿ, ಇಳದಿದ್ರ ಮತ್ತ ಸುರು ಮಾಡೂಣು.”

ಎದೆಬಡಿತದ ಪಟ್ಟಿ ಸರಿಯಾಗಿಯೇ ಬಂತು. ಸುಧಾರಾಣಿ ಹೊರಗೆ ಬಂದಾಗ ಹುಚ್ಚವ್ವ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟಳು.

“ತಿನಸೂದಂತೂ ಬ್ಯಾಡಂದ್ರು,” ಎಂದಳು ಹುಚ್ಚವ್ವ. “ಆರತಿಗೇನೂ ಅನ್ನಲಿಲ್ಲಲ್ಲ?”

“ಅವ್ವಾ, ಬ್ಯಾಡ ಬಿಡು. ಯಾರು ಬರತಾರ?”

“ಐದು ಮಂದಿ ಮುತ್ತೈದೇರು ಬಂದ್ರ ಸಾಕು. ಸುಮ್ಕಿರು ನೀ.”

ಹುಚ್ಚವ್ವ ಎಡಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಒಂದೊಂದೇ ಹೆಸರು ಹೇಳುತ್ತ ಬೆರಳು ಮಡಚತೊಡಗಿದಳು. ಮೂರು ಬೆರಳು ಬೇಗ ಬೇಗ ಮಡಚಿದವು. ನಾಲ್ಕನೆಯದನ್ನು ಹಿಡಿದುಕೊಂಡು ಯೋಚಿಸುತ್ತ ಕೂತಳು.