ಹಗೇವಿನ ದೀಪ

ಹಗ್ಗ ಸಡಿಲವಾಯಿತಲ್ಲ, ಬಾವ ರಾಗಿಯ ಮೇಲೆ ಕಾಲೂರಿರಬೇಕು, ಇನ್ನೇನು ಬುಟ್ಟಿ ಬಿಡು ಅಂತ ಕೂಗುತ್ತಾನೆ ಎಂದು ಈಶ್ವರಮ್ಮ ಹಗೇವಿನ ಬಾಯಿಗೆ ಕಿವಿಗೊಟ್ಟು ಕೂತಳು — ನೆಲದೊಳಗೆ ಎರಡಾಳುದ್ದ ತೋಡಿ, ಚಪ್ಪಡಿ ಮುಚ್ಚಿ, ತಾತ ಚಿಕ್ಕಬೈರಪ್ಪ ಇಟ್ಟುಹೋದ ರಾಗಿ, ಎಂಬತ್ತಮೂರರ ಬೇಸಗೆಯಲ್ಲಿ ಬೆಂಗಳೂರಿನ ಮೇಲೆ ಅಣುಬಾಂಬು ಬಿದ್ದು ಮಾಕಳಿಯ ಹೊಲ, ಬಾವಿ, ಬಣವೆಗಳ ಮೇಲೆಲ್ಲ ಬೂದಿ ಸುರಿದಾಗಲೂ ಬೂದಿ ಸೋಕದೆ ಉಳಿದ ಒಂದೇ ಅನ್ನ, ಊರಲ್ಲಿ ಉಳಿದವರೂ ಇಬ್ಬರೇ, ಆ ವಾರ ಜ್ವರವೆಂದು ಒಳಕೋಣೆಯಲ್ಲಿ ಮಲಗಿದ್ದ ತಾನು, ಪೀಣ್ಯದ ಕಾರ್ಖಾನೆಯ ನೆಲಮಾಳಿಗೆಯಲ್ಲಿದ್ದು ಬದುಕಿ ಬೂದಿಯಲ್ಲೇ ಊರಿಗೆ ನಡೆದು ಬಂದ ಅತ್ತೆಯ ಮಗ, ಈ ಬಾವ ನರಸಿಂಹಯ್ಯ, ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿಲ್ಲ, ಬೆಳಿಗ್ಗೆ ಬಾವನ ಕೂದಲು ಹಿಡಿಹಿಡಿಯಾಗಿ ಕೈಗೆ ಬಂದಾಗ ಬೋಳಾದರೆ ನಿನ್ನ ಯಾರ್ ಕಟ್ಕೋತಾರೆ ಅಂದಿದ್ದಳು, ಊರಾಗೆ ನೀನಲ್ದೆ ಇನ್ಯಾರವ್ರೆ ಅಂದು ನಕ್ಕಿದ್ದ, ನಗುವಾಗ ವಸಡಿನಲ್ಲಿ ರಕ್ತ, ಅವಳಿಗೆ ಆ ನಗು ಇಷ್ಟ, ಬಾವಾ, ಬಾವಾ, ಹೆದರಿಸಲು ಸುಮ್ಮನಿದ್ದಾನೆ, ಅವನ ಬುದ್ಧಿ ಗೊತ್ತಿಲ್ಲವೇ.

ಶಾಸ್ತ್ರ ಏನೂ ಬಿಟ್ಟಿಲ್ಲವಲ್ಲ, ಹಗೇವು ತೆಗೆದಾಗಲೆಲ್ಲ ತಾತ ದೀಪ ಹಚ್ಚುತ್ತಿದ್ದ, ಅವಳೂ ಮನೆಯ ಕೊನೆಯ ಹರಳೆಣ್ಣೆ ಸುರಿದು ಹಚ್ಚಿದ್ದಾಳೆ, ಚಪ್ಪಡಿಗೆ ಕುಂಕುಮವಿಟ್ಟು ಕೈಮುಗಿದಿದ್ದಾಳೆ, ಧಾನ್ಯಲಕ್ಷ್ಮಿ ಮುನಿಯದಿರಲಿ, ಬಾವನಿಗೆ ಅಷ್ಟು ತಾಳ್ಮೆಯೂ ಇಲ್ಲ, ಆಯ್ತಾ ನಿನ್ ಪೂಜೆ, ಒಟ್ಟೆ ಅಸ್ದದೆ ಕಣೆ ಈಸ್ವರಿ ಅಂದ, ಹುಣಸೆ ಮರಕ್ಕೆ ಕಟ್ಟಿದ ಹಗ್ಗ ಹಿಡಿದು ಇಳಿದ, ದೀಪ ಇಲ್ಲೇ ಕಲ್ಲಿನ ಮೇಲೆ ಎಷ್ಟು ಚೆನ್ನಾಗಿ ಉರಿಯುತ್ತಿದೆ, ತಾತ ಎಲ್ಲಿಡುತ್ತಿದ್ದ, ಕಲ್ಲಿನ ಮೇಲಲ್ಲ — ಅಲ್ಲ, ಹಗ್ಗಕ್ಕೆ ಕಟ್ಟಿ ಒಳಕ್ಕೆ ಬಿಡುತ್ತಿದ್ದ, ಒಂದು ಸಲ ಆರಿತೆಂದು ಇಡೀ ದಿನ ಯಾರನ್ನೂ ಇಳಿಯಗೊಡಲಿಲ್ಲ, ಅಪಶಕುನ ಅಂದುಕೊಂಡಿದ್ದಳು ಎಂಟು ವರ್ಷದ ಈಶ್ವರಮ್ಮ, ಅಯ್ಯೋ ನನ್ನ ಹಾಳು ಬುದ್ಧಿಯೇ, ಅದು ಪೂಜೆಯಲ್ಲ, ಗಾಳಿ ನೋಡುವ ದೀಪ, ಮುಚ್ಚಿದ ಹಗೇವಿನಲ್ಲಿ ಉಸಿರು ಕಟ್ಟುವ ಗಾಳಿ ಕೂತಿರುತ್ತದೆ, ಹೀಗಲ್ಲ ಮಗಾ ಅಂತ ಹೇಳಲು ಒಬ್ಬ ಹಿರಿಯರಾದರೂ ಉಳಿದಿದ್ದರೆ, ಬುಟ್ಟಿಯ ಹಗ್ಗ ಬಿಚ್ಚಿ ದೀಪಕ್ಕೆ ಕಟ್ಟಿದಳು, ಬಿಟ್ಟಳು, ಒಂದು ಮೊಳ, ಎರಡು ಮೊಳ, ಆರಿತು, ಎಳೆದು ಹಚ್ಚಿದಳು, ಬಾವಾ ಏಳೋ, ತಾನೂ ಇಳಿಯಲೇ, ಇಳಿದರೆ ಇಬ್ಬರೂ ಇಲ್ಲ, ಇಳಿಯದಿದ್ದರೆ ಇಷ್ಟು ದೊಡ್ಡ ಊರಿಗೆ ತಾನೊಬ್ಬಳೇ, ಬಿಟ್ಟಳು, ಒಂದು ಮೊಳ, ಎರಡು ಮೊಳ, ಆರಿತು, ಬೆಂಕಿಕಡ್ಡಿ ಗೀರಿದಳು, ಬಿಟ್ಟಳು, ಒಂದು ಮೊಳ, ಎರಡು ಮೊಳ, ಆರಿತು.