ಕೆಂಪು ಗುರುತಿನ ಬಾಟಲಿ

ಮೈಸೂರಿನ ಹೊರಗಿದ್ದ ಆ ಲ್ಯಾಬಿನಲ್ಲಿ ಲಿಂಗರಾಜುವಿನ ಕೆಲಸ ಇಲಿ ಸಾಕುವುದು. ಸಾಮಾನ್ಯ ಇಲಿಗಳಲ್ಲ, ಮುದುಕರಿಗೆ ಬರುವ ಮರೆವಿನ ರೋಗವನ್ನು, ಅದೇ ಅಲ್‌ಝೈಮರ್ಸ್ ಅನ್ನುತ್ತಾರಲ್ಲ ಅದನ್ನು, ಹುಟ್ಟುತ್ತಲೇ ಹೊತ್ತು ಬಂದ ಇಲಿಗಳು. ಅರ್ಧ ಗೂಡುಗಳಿಗೆ ಹೊಸ ಔಷಧಿ, ಇನ್ನರ್ಧಕ್ಕೆ ಬರೀ ಸಕ್ಕರೆ ನೀರು. ಬಾಟಲಿಗಳ ಮೇಲೆ ಕೆಂಪು ಇಲ್ಲವೆ ಹಸಿರು ಗುರುತು ಬಿಟ್ಟರೆ ಬೇರೇನೂ ಇಲ್ಲ. ಯಾವುದು ಯಾವುದೆಂದು ಬರೆದ ಚೀಟಿ ಲಕೋಟೆಯೊಳಗೆ, ಬೀರುವಿನಲ್ಲಿ. ಕೊನೆಯ ಸ್ಕ್ಯಾನ್ ಮುಗಿಯುವ ತನಕ ವಿಜ್ಞಾನಿ ನೀಲಾಂಬಿಕೆಯವರಿಗೂ ಅದು ತಿಳಿಯಕೂಡದು.

ಲಿಂಗರಾಜು ಮಾತ್ರ ತನಗೆ ತಿಳಿದುಹೋಯಿತು ಅಂದುಕೊಂಡ. ಅವನು ಕೆ.ಆರ್. ನಗರದ ಹೊಸ ಅಗ್ರಹಾರದವನು. ಚುಂಚನಕಟ್ಟೆಯ ದನದ ಪರಿಷೆಯಲ್ಲಿ ಅವನಪ್ಪ ಮೈ ಹೊಳಪು ನೋಡಿಯೇ ಎತ್ತಿನ ಆರೋಗ್ಯ ಹೇಳುತ್ತಿದ್ದ. ಆ ಕಣ್ಣು ಮಗನಿಗೂ ಬಂದಿತ್ತು. ಕೆಂಪು ಗುರುತಿನ ಇಲಿಗಳ ಕೂದಲು ಮಿರಮಿರ ಮಿಂಚುತ್ತಿತ್ತು. ಹಸಿರಿನವು ಮಂಕಾಗಿ, ಮೈ ಮುದುರಿಕೊಂಡು ಕೂತಿರುತ್ತಿದ್ದವು. ಇನ್ನೇನು ಬೇಕು, ಔಷಧಿ ಕೆಂಪಿನದೇ. ಎತ್ತಿಗೂ ಇಲಿಗೂ ಎಲ್ಲಿಯ ಸಂಬಂಧ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಊರಲ್ಲಿ ಅವನವ್ವ ಸಿದ್ದಲಿಂಗಮ್ಮ ಒಲೆ ಹಚ್ಚಿದ್ದನ್ನು ಮರೆಯುತ್ತಿದ್ದಳು, ಹಿತ್ತಲಿಗೆ ಹೋದವಳು ಮನೆಯ ದಾರಿ ಮರೆಯುತ್ತಿದ್ದಳು; ಈಚೆಗೆ ಮಗನನ್ನೂ. ಅವನು ಒಂದು ಕೆಂಪು ಬಾಟಲಿ ಕದ್ದ. ಅದು ಮುಗಿದಾಗ ಇನ್ನೊಂದು. ನಾಚಿಕೆಯಾಗಲಿಲ್ಲವೆಂದಲ್ಲ, ಅವ್ವನ ಮುಂದೆ ನಾಚಿಕೆ ಯಾವ ಲೆಕ್ಕ. ಹೆಂಡತಿ ಸುಧಾ ದಿನಾ ಸಂಜೆ ಒಂದು ಚಮಚ ಕುಡಿಸತೊಡಗಿದಳು. ಎರಡನೇ ತಿಂಗಳಲ್ಲಿ ಒಂದು ಶನಿವಾರ ಅವನು ಊರಿಗೆ ಹೋದಾಗ ಅವ್ವ ಬಾಗಿಲಲ್ಲೇ, "ಲಿಂಗ, ಉಂಡ್ಯಾ?" ಅಂದುಬಿಟ್ಟಳು. ಅವನು ಬಚ್ಚಲಿಗೆ ಹೋಗಿ ಅತ್ತ.

ಕೊನೆಯ ಸ್ಕ್ಯಾನಿಗೆ ಕೀಲಿ, ಬೆಲ್ಟು ಹೊರಗಿಟ್ಟು, ಅರಿವಳಿಕೆ ಕೊಟ್ಟ ಇಲಿಗಳನ್ನು ಒಂದೊಂದಾಗಿ ಎಂಆರ್‌ಐ ಯಂತ್ರದ ಕೊಳವೆಯಲ್ಲಿ ಮಲಗಿಸಿದ. ಯಂತ್ರ ಗಂಟೆಗಟ್ಟಲೆ ಟಕಟಕ ಬಡಿದುಕೊಂಡಿತು. ಪರದೆಯ ಮೇಲೆ ಮೆದುಳಿನ ತುಂಬ ಕರಿ ಚುಕ್ಕಿಗಳು. ರೋಗದ ಗುರುತು ಆ ಚುಕ್ಕಿಗಳೇ ಎಂದು ನೀಲಾಂಬಿಕೆ ಹೇಳಿಕೊಟ್ಟಿದ್ದರು. ಚುಕ್ಕಿಗಳ ಎಣಿಕೆ ಮುಗಿದ ಮೇಲೆ ಲಕೋಟೆ ಒಡೆದರು.

"ಕೆಂಪು ಸಕ್ಕರೆ ನೀರು," ಅಂದರು.

ಲಿಂಗರಾಜು ಪರದೆಯ ಹತ್ತಿರ ಬಂದ. "ಅವೇ ಅಲ್ವಾ ಮೇಡಂ ಚೆಂದಾಗಿರೋದು?"

"ಔಷಧಿ ಕುಡಿದವಕ್ಕೆ ಹೊಟ್ಟೆ ಕೆಟ್ಟು ಆಹಾರ ಸೇರಲಿಲ್ಲ. ಅದಕ್ಕೇ ಅವು ಮಂಕಾದವು."

"ಹಸಿರಿನವಕ್ಕಾದ್ರೂ ಚುಕ್ಕಿ ಕಮ್ಮಿ ಆದವಾ?"

"ಇಲ್ಲ. ಎರಡರಲ್ಲೂ ಒಂದೇ." ಅವರು ಕನ್ನಡಕ ತೆಗೆದಿಟ್ಟರು. "ಐದು ವರ್ಷದ ಕೆಲಸ, ಲಿಂಗರಾಜು."

ಅವರಿಗೆ ಹೋದದ್ದು ಐದು ವರ್ಷ. ತನಗೆ ಹೋದದ್ದನ್ನು ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಶನಿವಾರ ಊರಿಗೆ ಹೋದ. ಸುಧಾ ಅವನ ಕೈಚೀಲ ತಡಕಿದಳು. "ಬಾಟ್ಲು ತರ್ನಿಲ್ವಾ? ನೆನ್ನೆನೇ ಮುಗುದೋಯ್ತು ಕಣ್ರೀ."

"ಅದು ಬರೀ ಸಕ್ರೆ ನೀರು ಕಣಮ್ಮಿ. ಇದುಕ್ಕೆ ಔಸ್ದಿನೇ ಇಲ್ಲ, ಯಾರ್ತಾವೂ ಇಲ್ಲ."

"ಮತ್ತೆ ಅತ್ತೆ ನಿಮ್ಮೆಸ್ರು ಇಡ್ದು ಕರುದ್ರಲ್ಲ?"

"ಅಂಗೇ ಬಾಯ್ಗೆ ಬಂದಿರ್ಬೇಕು, ಬುಡು."

ಸುಧಾ ಖಾಲಿ ಕೈಚೀಲವನ್ನು ಗೂಟಕ್ಕೆ ನೇತುಹಾಕಿದಳು. ಹೊತ್ತು ಇಳಿಯಿತು. ಸಿದ್ದಲಿಂಗಮ್ಮ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದು, ಮಗನನ್ನು ಹೊಸಬನ ಹಾಗೆ ನೋಡಿ, "ಯಾವೂರಪ್ಪ ನಿಂದು?" ಅಂದಳು. ಉತ್ತರಕ್ಕೆ ಕಾಯದೆ ಅವನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ಮೂರು ತಿಂಗಳಲ್ಲಿ ಅವಳು ಹೊಸದಾಗಿ ಕಲಿತು, ಮರೆಯದೆ ಉಳಿಸಿಕೊಂಡದ್ದು ಚಮಚದ ಹೊತ್ತು ಒಂದನ್ನೇ. ಕಣ್ಣು ಮುಚ್ಚಿ, ಬಾಯಿ ತೆರೆದು ಕಾದಳು.