ಕುಮ್‌ದೆರು ಮನೆಯ ಹಾಡು

ಮನೆಗೆ ಪಿಯಾನೋ ಬಂದಾಗ ಎಲ್ಲರಿಗಿಂತ ಜೋರಾಗಿ ತಕರಾರು ತೆಗೆದವನು ಮುದುಕ ಇದ್ವಾಲ್. ಮೊಮ್ಮಗಳು ನೆಸ್ತಾಳ, ಗೆರೆಗಳ ಮೇಲೆ ಸ್ವರದ ಚುಕ್ಕೆಗಳಿದ್ದ ಪಾಠದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದೇನೇ ಗ್ವೆನ್ನೋ, ತಂತಿ ಮೇಲೆ ಕಾಗೆ ಕೂತಂಗಿದೆ! ಇದನ್ನ ನೋಡ್ಕೊಂಡು ಯಾರಾದ್ರೂ ಹಾಡ್ತಾರಾ?" ಎಂದು ಮಗಳನ್ನು ಛೇಡಿಸಿದ್ದ. ಅವನ ಕಾಲದವರೆಲ್ಲ ಭಾನುವಾರದ ಶಾಲೆಯಲ್ಲಿ ಡೋ ರೇ ಮೀ ಎಂಬ ಬರಿಯ ಅಕ್ಷರಗಳನ್ನು ನೋಡಿ ಹಾಡು ಕಲಿತವರು. ಗ್ವೆನ್ನೋ ಕಲಿತದ್ದೂ ಹಾಗೆಯೇ. ತನ್ನ ಮಗಳಾದರೂ ನಾಲ್ಕು ಜನ ಮೆಚ್ಚುವಂತೆ ಪಿಯಾನೋ ನುಡಿಸಲಿ ಎಂದು ಅವಳಿಗೆ ಆಸೆ. ಆಸೆಪಡುವುದು ತಪ್ಪೇನಲ್ಲ, ಮೊದಲ ಮಹಾಯುದ್ಧ ಮುಗಿದ ಆ ಕಾಲದಲ್ಲಿ, ವೇಲ್ಸಿನ ಆ ಕಣಿವೆಯಲ್ಲಿ, ಮಕ್ಕಳಿದ್ದ ಮನೆಯವರೆಲ್ಲ ಪಟ್ಟ ಆಸೆಯೇ ಅದು.

ಈಗ ಅಪ್ಪನಿಗೆ ಛೇಡಿಸುವಷ್ಟೂ ನೆನಪು ಉಳಿದಿರಲಿಲ್ಲ. ಸತ್ತ ಹೆಂಡತಿ ಹಾಲು ಕರೆಯಲು ಹೋಗಿದ್ದಾಳೆ ಎನ್ನುತ್ತಿದ್ದ. ಮಗ ಇಥೆಲನನ್ನು ಕುರಿ ಕೊಳ್ಳಲು ಬಂದವನೆಂದು ತಿಳಿದು ಚೌಕಾಸಿಗೆ ಇಳಿಯುತ್ತಿದ್ದ. ಒಂದು ಮಾತ್ರ ಅಲುಗಾಡದೆ ಉಳಿದಿತ್ತು: ಅವರ ಕುಮ್‌ದೆರು ಮನೆಯ ಕ್ರಿಸ್‌ಮಸ್ ಹಾಡು. ಅವನ ಮುತ್ತಜ್ಜ ಕಟ್ಟಿದ್ದು, ಹದಿನಾಲ್ಕು ನುಡಿ. ಗ್ವೆನ್ನೋ ಮೊದಲ ಸ್ವರ ಹಿಡಿದರೆ ಸಾಕು, ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೆಳದನಿಯಲ್ಲಿ ಶುರು ಮಾಡುತ್ತಿದ್ದ. ಹಾಡು ಮುಗಿಯುವವರೆಗೂ ಅವಳಿಗೆ ಅವಳ ಅಪ್ಪ ಸಿಗುತ್ತಿದ್ದ.

"ಈ ಸಲ ಒಂದು ಹಾಡ್ಬಿಡ್ಲಿ ಕಣೋ. ಊರವ್ರೆಲ್ಲ ಅಪ್ಪನ್ನ ಮೊದ್ಲಿನ ಥರಾನೇ ಒಂದ್ಸಲ ನೋಡ್ಲಿ. ಬರೋ ವರ್ಷಕ್ಕೆ ಇದೂ ಇರಲ್ಲ," ಎಂದು ತಮ್ಮ ಇಥೆಲನಿಗೆ ಹೇಳಿದ್ದಳು. ಡಿಸೆಂಬರ್ ಪೂರ್ತಿ ಮೂವರೂ ಅಡುಗೆಮನೆಯಲ್ಲಿ ಕೂತು ಅಭ್ಯಾಸ ಮಾಡಿದರು.

ಕ್ರಿಸ್‌ಮಸ್ ದಿನ ಕೋಳಿ ಕೂಗುವ ಹೊತ್ತಿಗೆ ಊರಿನ ಚರ್ಚಿನಲ್ಲಿ ಸೇರುವ ಹಾಡಿನ ಕೂಟಕ್ಕೆ ಪ್ಲಗೈನ್ ಎನ್ನುತ್ತಾರೆ. ಅಲ್ಲಿ ವಾದ್ಯವಿಲ್ಲ, ಹೆಸರು ಕರೆಯುವವರಿಲ್ಲ, ಚಪ್ಪಾಳೆಯಿಲ್ಲ. ಮನೆಮನೆಯವರು ತಾವಾಗಿ ಎದ್ದು ಮುಂದೆ ಹೋಗಿ ತಮ್ಮ ಹಾಡು ಹಾಡಿ ಬಂದು ಕೂರುತ್ತಾರೆ. ಒಂದು ಮನೆಯ ಹಾಡನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಒಮ್ಮೆ ಹಾಡಿದ್ದನ್ನು ಅವತ್ತು ಮತ್ತೆ ಹಾಡುವಂತಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಗೊತ್ತಿಲ್ಲದವರೂ ಇರುತ್ತಾರೆಂದು ಆ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಇದ್ವಾಲನದೇ. ಹಿಂದೊಮ್ಮೆ ಗಿರಣಿ ಮನೆಯವರು ತಡವಾಗಿ ಬಂದು, ಯಾವ ಮನೆಯದೂ ಅಲ್ಲದ, ಆದರೆ ಅವತ್ತು ಆಗಲೇ ಆಗಿಹೋಗಿದ್ದ ಹಾಡೊಂದನ್ನು ಹಾಡಿದ್ದಕ್ಕೆ, "ಎಂಜಲು ಹಾಡಿನವರು" ಎಂದು ಅವರಿಗೆ ಹೆಸರಿಟ್ಟವನು ಅವನು. ಆ ಹೆಸರು ಇನ್ನೂ ಹೋಗಿಲ್ಲ.

ಈ ಸಲದ ಪ್ಲಗೈನಿನಲ್ಲಿ ಒಂದೆರಡು ಮನೆಯವರ ಹಾಡಾಗಿತ್ತು. ಹಿಂದಿನ ಸಾಲಿನಿಂದ ಮಿಸ್ ಬೈನನ್ ಎದ್ದರು. ಬೆಟ್ಟದಾಚೆಯ ಪೇಟೆಯಲ್ಲಿ ನೆಸ್ತಾಳಿಗೆ ಪಿಯಾನೋ ಹೇಳಿಕೊಡುವವರು. ದಕ್ಷಿಣದ ಕಲ್ಲಿದ್ದಲು ಗಣಿಯ ಕಡೆಯವರು, ಪ್ಲಗೈನಿಗೆ ಬಂದದ್ದು ಇದೇ ಮೊದಲು. ಜೊತೆಗೆ ಪೇಟೆಯ ಇಬ್ಬರು ಶಿಷ್ಯೆಯರು. ಹೋಗುವಾಗ ಗ್ವೆನ್ನೋಳ ಕಡೆ ತಿರುಗಿ ನಕ್ಕರು. ಗ್ವೆನ್ನೋಳೂ ನಕ್ಕಳು.

ಮೊದಲ ಸಾಲಿಗೇ ಅವಳ ನಗು ನಿಂತಿತು. ಅವರು ಹಾಡುತ್ತಿದ್ದದ್ದು ಕುಮ್‌ದೆರು ಮನೆಯ ಹಾಡು.

ಅಕ್ಟೋಬರಿನಲ್ಲಿ ಟೀಚರು ಚಹಾಕ್ಕೆ ಬಂದಿದ್ದಾಗ, "ನಮ್ಮನೆ ಹಾಡು ನುಡಿಸ್ಕೊಂಡು ಹಾಡು ಪುಟ್ಟಿ, ಮಿಸ್ ಕೇಳ್ಲಿ," ಎಂದು ಮಗಳನ್ನು ಪಿಯಾನೋ ಮುಂದೆ ಕೂರಿಸಿದವಳು ತಾನೇ. ಯಾರೂ ಹೇಳಿಕೊಡದೆ ಹುಡುಗಿ ಎರಡೂ ಕೈಯಲ್ಲಿ ನುಡಿಸಿದ್ದಳು. ಮಿಸ್ ಬೈನನ್ ಕಣ್ಣೊರೆಸಿಕೊಂಡು, "ಇಂಥಾ ಹಾಡು ನಾಲ್ಕು ಗೋಡೆ ಮಧ್ಯೆ ಸಾಯ್ಬಾರ್ದು ಕಣ್ರಿ. ಬರ್ಕೊಳ್ಲಾ?" ಎಂದಿದ್ದರು. "ಅಯ್ಯೋ, ಅದಕ್ಕೇನಂತೆ, ಬರ್ಕೊಳಿ ಮಿಸ್!" ಎಂದು ಗ್ವೆನ್ನೋ ಉಬ್ಬಿಹೋಗಿದ್ದಳು. ಎದುರಿಗೆ ಕೂತು ಹೊಗಳುತ್ತಿದ್ದರೆ ಮುಂದಿನದನ್ನು ಯಾರು ಯೋಚಿಸುತ್ತಾರೆ!

ಚರ್ಚಿನಲ್ಲಿ ಎಲ್ಲರ ತಲೆಗಳೂ ಕುಮ್‌ದೆರು ಮನೆಯವರ ಕಡೆ ತಿರುಗಿ, ಮತ್ತೆ ತಗ್ಗಿದವು. ಪಾದ್ರಿ ತನ್ನ ಬೂಟು ನೋಡುತ್ತ ಕೂತ. ಟೀಚರು, ಶಿಷ್ಯೆಯರು ಮೂವರೂ ಚೆನ್ನಾಗಿಯೇ ಹಾಡಿದರು. ಗ್ವೆನ್ನೋಳಿಗೆ ಇನ್ನಷ್ಟು ಉರಿದದ್ದು ಅದಕ್ಕೇ. ಅಪ್ಪನೊಬ್ಬ ಕೂತಲ್ಲೇ ತುಟಿ ಅಲ್ಲಾಡಿಸುತ್ತ, ನಡುನಡುವೆ ತನ್ನ ಕೆಳದನಿ ಸೇರಿಸುತ್ತ, ಸಂತೋಷವಾಗಿದ್ದ.

"ಅಮ್ಮಾ, ಅದು ನಮ್ಮದಲ್ವಾ?" ನೆಸ್ತಾ ಪಿಸುಗುಟ್ಟಿದಳು.

"ಸುಮ್ನಿರು."

"ಏನಕ್ಕಾ ಮಾಡೋದು ಈಗ?" ಇಥೆಲ್ ಅವಳ ಕಿವಿಯ ಹತ್ತಿರ ಬಾಗಿದ.

"ಬೇರೆ ಯಾವ್ದಾದ್ರೂ ಹಾಡೋಣ."

"ಅಪ್ಪನಿಗೆ ಬೇರೆ ಎಲ್ಲಿ ಬರುತ್ತೆ?"

"ಹಾಳಾಗ್ಲಿ, ಇದನ್ನೇ ಹಾಡ್ಬಿಡೋಣ."

"ಗಿರಣಿಯವ್ರು ಎದುರಿಗೇ ಕೂತಿದಾರೆ. ಅಪ್ಪ ಇಟ್ಟ ಹೆಸ್ರನ್ನ ಅಪ್ಪನಿಗೇ ಇಡ್ತಾರೆ. ಬೇಡ ಅಕ್ಕ."

ಹಾಡು ಮುಗಿಯಿತು. ಮಿಸ್ ಬೈನನ್ ವಾಪಸು ಬರುತ್ತ ಗ್ವೆನ್ನೋಳ ಭುಜ ಮುಟ್ಟಿ, "ನಿಮಗೋಸ್ಕರಾನೇ ಹಾಡಿದ್ದು," ಎಂದರು. ಬೈಯೋಣವೆಂದರೆ ಬೈಯುವಂಥದ್ದೇನೂ ಆ ಮುಖದಲ್ಲಿರಲಿಲ್ಲ. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಅಪ್ಪ ಎದ್ದು ನಿಂತ. ಟೋಪಿಯನ್ನು ಬೆಂಚಿನ ಮೇಲಿಟ್ಟು, "ನಡೀರಿ, ಇನ್ನು ನಾವು," ಎಂದ. ಗ್ವೆನ್ನೋ ಅವನ ಕೋಟಿನ ತೋಳು ಹಿಡಿದಳು.

"ಕೂತ್ಕೋ ಅಪ್ಪ."

"ಬಿಡೇ. ತಡ ಮಾಡಿದ್ರೆ ಇನ್ನೊಬ್ರು ಏಳ್ತಾರೆ."

ಮರೆವು ತಲೆಗೆ ಬಂದಿತ್ತೇ ಹೊರತು ತೋಳಿಗಲ್ಲ. ಅವಳ ಕೈ ಜಾರತೊಡಗಿತು. ಇಡೀ ಊರು ನೋಡುತ್ತಿತ್ತು. ದಿಕ್ಕು ತೋಚದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಆಯ್ತಲ್ಲಪ್ಪ. ಈಗ್ತಾನೇ ಹಾಡಿ ಬಂದ್ವಲ್ಲ."

ಅಪ್ಪ ನಿಂತೇ ಅವಳನ್ನು ನೋಡಿದ. "ನಾನೂ ಹಾಡಿದ್ನಾ?"

"ಹೂಂ. ಪೂರ್ತಿ ಹಾಡಿದೆ."

ಅವನು ಇಥೆಲನ ಕಡೆ ತಿರುಗಿದ. ಇಥೆಲ್ ಹೌದೆಂದು ತಲೆಯಾಡಿಸಿದ, ಪಾಪ, ಇನ್ನೇನು ಮಾಡಿಯಾನು. ಮುದುಕ ಮೆಲ್ಲಗೆ ಕೂತ. ತನ್ನ ಗಂಟಲನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ಹಾಗಾದ್ರೆ ಅದೂ ಹೋಯ್ತು," ಎಂದ.

ತಾನು ಮರೆಯುತ್ತಿದ್ದೇನೆಂದು ಅಪ್ಪನಿಗೆ ಗೊತ್ತಿದೆ ಎಂಬುದೇ ಅಲ್ಲಿಯವರೆಗೆ ಗ್ವೆನ್ನೋಳಿಗೆ ಗೊತ್ತಿರಲಿಲ್ಲ. ಇಲ್ಲಪ್ಪ, ನಾನು ಸುಳ್ಳು ಹೇಳಿದೆ ಎನ್ನಲು ಬಾಯಿ ತೆರೆದಳು. ಹೇಳಿದರೆ ಅವನು ಮತ್ತೆ ಏಳುತ್ತಾನೆ. ಬಾಯಿ ಮುಚ್ಚಿದಳು.

ಕೊನೆಯಲ್ಲಿ ಊರಿನ ಗಂಡಸರೆಲ್ಲ ಮುಂದೆ ಹೋಗಿ ಒಟ್ಟಾಗಿ ಹಾಡುವ ಹಾಡು. ಇಥೆಲ್ ಅಪ್ಪನಿಗೆ ಕೈ ಚಾಚಿದ. "ಏಳಪ್ಪ, ಇದಕ್ಕೆ ಎಲ್ರೂ ಹೋಗ್ಬೇಕು."

"ನೀನು ಹೋಗು," ಎಂದ ಇದ್ವಾಲ್. "ನಂಗೆ ಹಾಡಕ್ಕೆ ಬರಲ್ಲ."